ಹರಿಹರದ ಮನೆಮನೆಗೆ ಒಬ್ಬ ಪ್ಲಂಬರ್ ಬರೆಯುವ ಬಹಿರಂಗ ಪತ್ರ

ಹರಿಹರದ ಅಣ್ಣಂದಿರೇ, ಅಕ್ಕಂದಿರೇ, ನಗರಸಭೆಯ ಸದಸ್ಯರೇ, ಪೌರಾಯುಕ್ತರೇ,

ನಮಸ್ಕಾರ.

ಇಪ್ಪತ್ತಮೂರು ವರ್ಷದಿಂದ ಈ ಊರಿನಲ್ಲಿ ಪ್ಲಂಬಿಂಗ್ ಕೆಲಸ ಮಾಡಿಕೊಂಡಿದ್ದೇನೆ. ನಿಮ್ಮಲ್ಲಿ ಎಷ್ಟೋ ಜನರ ಮನೆಯ ಬಚ್ಚಲು, ಪಾಯಿಖಾನೆ, ಅಡುಗೆಮನೆ ಸಿಂಕು ನನ್ನ ಕೈಯಲ್ಲೇ ಆಗಿವೆ. ಮನೆಗೆ ಬರುವ ನೀರಿನ ಬಗ್ಗೆ ನೀವು ನನ್ನನ್ನು ನೂರು ಸಲ ಕೇಳಿದ್ದೀರಿ. ಪ್ರೆಷರ್ ಸಾಕಾಗುತ್ತಾ, ಟ್ಯಾಂಕು ಎಲ್ಲಿ ಕೂರಿಸೋಣ, ಪೈಪು ಯಾವ ಕಂಪನಿಯದು ಹಾಕ್ತೀಯಾ ಅಂತೆಲ್ಲ. ಮನೆಯಿಂದ ಹೋಗುವ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. "ಹೆಂಗಾರ ಮಾಡಪ್ಪ, ಮನೆ ಮುಂದೆ ನಿಲ್ಲಬಾರದು ಅಷ್ಟೇ" ಅನ್ನುತ್ತೀರಿ. ನಾನೂ ಹಾಗೇ ಮಾಡಿಕೊಂಡು ಬಂದೆ. ಆ ಕೆಲಸದ ಬಗ್ಗೆಯೇ ಈ ಪತ್ರ.

ನಮ್ಮ ಸಣ್ಣವ್ವನ ಊರು ತುಂಗಭದ್ರಾ ಹೊಳೆ ದಂಡೆಯಲ್ಲಿದೆ, ನಮ್ಮೂರಿಗಿಂತ ಕೆಳಗೆ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಹೋಗಿದ್ದೆ. ಬೆಳಿಗ್ಗೆ ಅವಳು ಬಟ್ಟೆ ಗಂಟು ಹೊತ್ತು ಹೊಳೆಗೆ ಹೊರಟಳು, ಜೊತೆಗೆ ನಾನೂ ಹೋದೆ. ಹೊಳೆ ಅಂದರೆ ಆಗ ಬಂಡೆಗಳ ಸಂದಿಯಲ್ಲಿ ಮೊಣಕಾಲುದ್ದ ನೀರು. ಸಣ್ಣವ್ವ ಸರಸರ ಒಗೆದು, ಹಿಂಡಿ, ಬಂಡೆ ಮೇಲೆ ಹರವಿದಳು. ಕೈಕಾಲು ತೊಳೆಯೋಣ ಅಂತ ನಾನು ನಿಧಾನಕ್ಕೆ ಇಳಿದೆ. "ಲಗೂ ಮುಗಿಸಪ್ಪ" ಅಂದಳು. "ಇನ್ನೊಂದು ತಾಸಿಗೆ ನಿಮ್ಮೂರ ನೀರು ಬರ್ತತಿ. ಆಮ್ಯಾಲೆ ಕೈ ಇಡಾಕಾಗಲ್ಲ. ನಿಮ್ಮೂರಾಗ ಜನ ಎಷ್ಟೊತ್ತಿಗೆ ಎದ್ರು ಅನ್ನೋದು ನಮಗಿಲ್ಲಿ ವಾಸ್ನಿ ಮ್ಯಾಲೆ ಗೊತ್ತಾಕ್ಕೈತಿ."

ಅವಳು ಬೈಯಲಿಲ್ಲ. ಬಸ್ಸಿನ ಟೈಮ್ ಹೇಳಿದ ಹಾಗೆ ಹೇಳಿದಳು. ನಿಜವಾಗಿಯೂ ಹನ್ನೊಂದರ ಹೊತ್ತಿಗೆ ನೀರಿನ ಬಣ್ಣ ಬೂದಿಯಾಯಿತು. ಬಂಡೆಗಳ ಬುಡಕ್ಕೆ ಬಿಳಿ ನೊರೆ ಕಟ್ಟಿತು. ಮೋರಿಯ ವಾಸನೆ. ಆ ವಾಸನೆ ನನಗೆ ಹೊಸದಲ್ಲ, ದಿನಾ ಅದರಲ್ಲೇ ಕೈ ಹಾಕುವವನು ನಾನು. ಆದರೆ ಹೊಳೆಯಲ್ಲಿ ಅದು ಬಂದಾಗ ಎದೆ ಧಸಕ್ ಅಂದಿತು. ಯಾಕೆಂದರೆ ಊರಿನಲ್ಲಿ ಯಾವ ಯಾವ ಮನೆಯ ಪಾಯಿಖಾನೆ ಪೈಪನ್ನು ನಾನೇ ಮೋರಿಗೆ ಬಿಟ್ಟಿದ್ದೇನೆ ಅನ್ನುವುದು ನನಗೆ ನೆನಪಿದೆ.

ಆಮೇಲೆ ಕೆಲವು ತಿಂಗಳಿಗೆ ಒಂದು ಕೆಲಸ ಸಿಕ್ಕಿತು. ಹೊಳೆ ದಂಡೆಯ ಇನ್ನೊಂದು ಸಣ್ಣ ಊರಿನಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ ಇದೆ. ಎಸ್‌ಟಿಪಿ ಅಂತಾರೆ. ಅಲ್ಲಿ ವಾಲ್ವ್ ಬದಲಾಯಿಸುವ ಕೆಲಸ, ಮೂರು ದಿನ. ಅಲ್ಲಿಯವರೆಗೂ ನನ್ನ ತಲೆಯಲ್ಲಿ ಎಸ್‌ಟಿಪಿ ಅಂದರೆ ದೊಡ್ಡ ಫಿಲ್ಟರ್ ಅಂತಿತ್ತು. ಕಾಫಿ ಸೋಸುವ ಹಾಗೆ ಸೋಸಿಬಿಡುತ್ತಾರೆ ಅಂದುಕೊಂಡಿದ್ದೆ. ಅದು ತಪ್ಪು ತಿಳುವಳಿಕೆ. ನಿಮಗೂ ಹಾಗೇ ಅನ್ನಿಸಿದ್ದರೆ ಮುಂದಿನ ಮಾತು ಸ್ವಲ್ಪ ಗಮನವಿಟ್ಟು ಓದಿ.

ಮೊದಲು ಜರಡಿ ಇದೆ, ನಿಜ. ಕಬ್ಬಿಣದ ಸರಳುಗಳ ಜರಡಿ. ಅದರಲ್ಲಿ ಸಿಕ್ಕಿಕೊಂಡಿದ್ದನ್ನು ಆಪರೇಟರ್ ಹುಡುಗ ಕುಂಟೆಯಲ್ಲಿ ಎಳೆದು ಹಾಕುತ್ತಿದ್ದ. ಹಳೇ ಬನೀನು, ಪ್ಯಾಡು, ಶಾಂಪೂ ಚೀಟಿ, ಗುಟ್ಕಾ ಚೀಟಿ, ಕೂದಲಿನ ಉಂಡೆ, ಒಂದು ಮಗುವಿನ ಚಪ್ಪಲಿ. ಆಮೇಲೆ ಒಂದು ತೊಟ್ಟಿಯಲ್ಲಿ ನೀರಿನ ವೇಗ ಕಡಿಮೆಯಾಗಿ ಮರಳು ತಳಕ್ಕೆ ಕೂರುತ್ತದೆ. ಇಲ್ಲಿಗೆ ಸೋಸುವ ಕೆಲಸ ಮುಗಿಯಿತು. ನೀರು ಇನ್ನೂ ಹೊಲಸೇ. ನೀರಿನಲ್ಲಿ ಕರಗಿದ ಹೊಲಸು ಯಾವ ಜರಡಿಗೂ ಸಿಗುವುದಿಲ್ಲ.

ನಿಜವಾದ ಕೆಲಸ ಮುಂದಿನ ತೊಟ್ಟಿಯಲ್ಲಿ. ಅದಕ್ಕೆ ಕೆಳಗಿನಿಂದ ಗಾಳಿ ಊದುತ್ತಾರೆ. ನೀರು ಸಾರು ಕುದಿದ ಹಾಗೆ ಕೊತಕೊತ ಅನ್ನುತ್ತಿತ್ತು. ಬಣ್ಣ ಗಟ್ಟಿ ಚಹಾದ ಬಣ್ಣ. ಮೂಗು ಮುಚ್ಚಿಕೊಂಡೇ ಹತ್ತಿರ ಹೋದೆ. "ಕೈ ತೆಗೀರಿ ಅಣ್ಣ, ವಾಸನೆ ನೋಡಿ" ಅಂದ ಆ ಹುಡುಗ. ತೆಗೆದೆ. ಮೊದಲ ಮಳೆ ಬಿದ್ದಾಗ ಹೊಲದ ಮಣ್ಣು ಬರುತ್ತದಲ್ಲ, ಹೆಚ್ಚುಕಮ್ಮಿ ಆ ವಾಸನೆ.

ಅವನು ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ಆ ನೀರು ತುಂಬಿ ಕಟ್ಟೆ ಮೇಲೆ ಇಟ್ಟ. "ಅರ್ಧ ಗಂಟೆ ಅಲುಗಾಡಿಸಬೇಡಿ" ಅಂದ. ನಾನು ಅಲ್ಲೇ ಕೂತೆ. ಐದು ನಿಮಿಷಕ್ಕೆ ಕಂದು ಬಣ್ಣ ಮೋಡದ ಹಾಗೆ ಒಡೆಯಿತು. ಹತ್ತಿ ಎಳೆಯಂಥ ಚೂರುಗಳು ಒಂದಕ್ಕೊಂದು ಅಂಟಿಕೊಂಡು ಕೆಳಗೆ ಇಳಿಯತೊಡಗಿದವು. ಅರ್ಧ ಗಂಟೆಗೆ ತಳದಲ್ಲಿ ಜಾಡಿಯ ಮೂರನೇ ಒಂದು ಭಾಗ ಕೆಸರು, ಅದರ ಮೇಲೆ ತಿಳಿನೀರು. ಹುಡುಗ ಜಾಡಿಯ ಹಿಂದೆ ದಿನಪತ್ರಿಕೆ ಹಿಡಿದ. ನೀರಿನ ಮೂಲಕ ಅಕ್ಷರ ಓದಲು ಬಂತು.

"ಆ ಕೆಸರು ಕೆಸರಲ್ಲ ಅಣ್ಣ, ಜೀವ" ಅಂದ. "ಕಣ್ಣಿಗೆ ಕಾಣದ ಹುಳ. ಇವೇ ನಮ್ಮ ಕೆಲಸದಾಳು. ಗಾಳಿ ಕೊಟ್ಟರೆ ಹೊಲಸು ತಿಂತಾವೆ, ಬೆಳೀತಾವೆ, ಒಂದಕ್ಕೊಂದು ಅಂಟಿ ತಳಕ್ಕೆ ಕೂರ್ತಾವೆ. ಮೇಲಿನ ತಿಳಿನೀರು ಬಸಿದು ಕ್ಲೋರಿನ್ ಹಾಕಿ ಹೊರಗೆ ಬಿಡ್ತೀವಿ. ತಳದ್ದನ್ನು ಮತ್ತೆ ತೊಟ್ಟಿಗೆ ವಾಪಸ್ ಹಾಕ್ತೀವಿ, ಮೊಸರಿಗೆ ಹೆಪ್ಪು ಹಾಕಿದಂಗೆ. ಜಾಸ್ತಿಯಾದದ್ದನ್ನು ಒಣಗಿಸ್ತೀವಿ."

ಹೆಪ್ಪು ಅನ್ನುವ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಹೆಪ್ಪು ಕೆಟ್ಟರೆ ಎಂಥ ಒಳ್ಳೆಯ ಹಾಲೂ ಮೊಸರಾಗುವುದಿಲ್ಲ, ಅಲ್ವಾ? ಘಟಕಕ್ಕೆ ಎಷ್ಟು ಕೋಟಿ ಸುರಿದರೂ ಆ ಹೆಪ್ಪು ಸತ್ತರೆ ಅದು ಸಿಮೆಂಟಿನ ತೊಟ್ಟಿ ಅಷ್ಟೇ. ಆ ಹೆಪ್ಪನ್ನು ಸಾಕುವುದೂ ಕೊಲ್ಲುವುದೂ ನಮ್ಮ ನಿಮ್ಮ ಮನೆಯ ಬಚ್ಚಲಿನಿಂದ ಹೋಗುವ ನೀರೇ.

ಹೊಳೆಯಲ್ಲೂ ಇದೇ ಹುಳಗಳಿವೆ. ಹೊಳೆಗೆ ಹೊಲಸು ಬಿದ್ದರೆ ಅವು ಅಲ್ಲೂ ತಿನ್ನುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಮೀನಿಗೂ ಬೇಕಾದದ್ದು ಅದೇ ಆಮ್ಲಜನಕ. ನಮ್ಮ ಕಡೆಯ ಬಿಸಿಲಿಗೆ ಒಂದು ಲೀಟರ್ ಒಳ್ಳೆಯ ಹೊಳೆ ನೀರಿನಲ್ಲಿ ಹೆಚ್ಚೆಂದರೆ 8 ಮಿಲಿಗ್ರಾಂ ಕರಗಿರುತ್ತದೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಕನಿಷ್ಠ 5 ಇರಬೇಕು ಅನ್ನುವುದು ಸರ್ಕಾರದ ಅಳತೆ. ಹೊಲಸು ಜಾಸ್ತಿಯಾದರೆ ಹುಳಗಳು ಎಲ್ಲ ಆಮ್ಲಜನಕವನ್ನೂ ಕುಡಿದು ಮುಗಿಸುತ್ತವೆ. ಮೀನು ಬಾಯಿ ಬಿಡುತ್ತದೆ. ಆಮೇಲೆ ಗಾಳಿ ಬೇಡದ ಬೇರೆ ಜಾತಿಯ ಹುಳ ಹುಟ್ಟಿಕೊಂಡು ನೀರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಘಟಕದಲ್ಲಿ ಮಾಡುವುದು ಇಷ್ಟೇ. ಹೊಳೆ ಉಸಿರುಗಟ್ಟಿಕೊಂಡು ಮಾಡಬೇಕಾದ ಕೆಲಸವನ್ನು ಬೇಲಿಯ ಒಳಗೆ, ಮೋಟಾರಿನಿಂದ ಗಾಳಿ ಕೊಟ್ಟು ಮೊದಲೇ ಮಾಡಿ ಮುಗಿಸುತ್ತಾರೆ.

ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಒಂದು ಲೆಕ್ಕ ಹಾಕಿದೆ. ಕೂಲಿ ಲೆಕ್ಕ ಬರೆಯುವ ಪುಸ್ತಕದಲ್ಲೇ ಹಾಕಿದೆ, ಮಗಳು ತಿದ್ದಿಕೊಟ್ಟಳು. 2011ರ ಜನಗಣತಿಯಲ್ಲೇ ನಮ್ಮ ಹರಿಹರದಲ್ಲಿ 80 ಸಾವಿರಕ್ಕೂ ಜಾಸ್ತಿ ಜನ. ಒಳಚರಂಡಿ ಯೋಜನೆ ಮಾಡುವಾಗ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ 100ಕ್ಕೆ 80 ಭಾಗ ಕೊಳಚೆಯಾಗಿ ಹೊರಗೆ ಅಂತ ಲೆಕ್ಕ ಹಿಡಿಯುತ್ತಾರೆ. ಹಾಗಾದರೆ ದಿನಕ್ಕೆ 80 ಲಕ್ಷ ಲೀಟರಿಗೂ ಮೇಲೆ. 80 ಲಕ್ಷ ಅಂತಲೇ ಇಟ್ಟುಕೊಳ್ಳಿ. ಹೊಲಸಿನ ಅಳತೆಗೆ ಬಿಒಡಿ ಅಂತಾರೆ. ನೀರಿನಲ್ಲಿರುವ ಹೊಲಸನ್ನು ತಿನ್ನಲು ಹುಳಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆ ಅದು. ನಮ್ಮ ದೇಶದಲ್ಲಿ ಮೂರು ದಿನ 27 ಡಿಗ್ರಿಯಲ್ಲಿ ಇಟ್ಟು ನೋಡುತ್ತಾರೆ. ಮನೆಗಳಿಂದ ಬರುವ ಕೊಳಚೆಯಲ್ಲಿ ಇದು ಸಾಮಾನ್ಯವಾಗಿ ಲೀಟರಿಗೆ 200ರಿಂದ 300 ಮಿಲಿಗ್ರಾಂ. 250 ಹಿಡಿದರೆ 80 ಲಕ್ಷ ಲೀಟರಿಗೆ ದಿನಕ್ಕೆ 2,000 ಕೆ.ಜಿ. ಆಮ್ಲಜನಕ ಬೇಕು. ಇದನ್ನು ಹೊಳೆಯೇ ಕೊಡಬೇಕೆಂದರೆ 25 ಕೋಟಿ ಲೀಟರ್ ನೀರಿನಲ್ಲಿರುವ ಆಮ್ಲಜನಕವೆಲ್ಲ ಪೂರ್ತಿ ಖಾಲಿಯಾಗಬೇಕು. ದಿನಾ. ಅದೇ ನೀರು ಘಟಕದಲ್ಲಿ ಸರಿಯಾಗಿ ಶುದ್ಧವಾಗಿ ಬಿಒಡಿ 10ಕ್ಕೆ ಇಳಿದರೆ 80 ಕೆ.ಜಿ. ಸಾಕು. ಎರಡು ಸಾವಿರ ಎಲ್ಲಿ, ಎಂಬತ್ತು ಎಲ್ಲಿ!

ಮಳೆಗಾಲದಲ್ಲಿ ಹೊಳೆ ದಂಡೆ ತುಂಬಿ ಹರಿಯುವಾಗ ಇದೆಲ್ಲ ಗೊತ್ತಾಗುವುದಿಲ್ಲ, ಕೊಚ್ಚಿಕೊಂಡು ಹೋಗುತ್ತದೆ. ಮಾರ್ಚ್, ಏಪ್ರಿಲ್ ಬಂದಾಗ ನೋಡಿ. ಭದ್ರಾ ಡ್ಯಾಮಿನಿಂದ ಹೊಳೆಗೆ ನೀರು ಬಿಟ್ಟಾರಾ ಅಂತ ಬಾಯಿ ಬಿಟ್ಟುಕೊಂಡು ಕಾಯುವ ಸಮಯ. ಹೊಳೆ ಸಣ್ಣಗಾಗಿರುತ್ತದೆ, ನಮ್ಮ ಬಚ್ಚಲು ಸಣ್ಣಗಾಗಿರುವುದಿಲ್ಲ.

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ ಕಲುಷಿತವಾಗಿರುವ 351 ನದಿ ಭಾಗಗಳ ಪಟ್ಟಿ ಮಾಡಿತು. ಕರ್ನಾಟಕದವು 17. ಅದರಲ್ಲಿ ತುಂಗಭದ್ರೆಯೂ ಇದ್ದಾಳೆ. ಗಂಗಾ ಸ್ನಾನ, ತುಂಗಾ ಪಾನ ಅಂತ ಹೇಳಿಕೊಂಡು ಬಂದ ಜನ ನಾವು. ಹೊಳೆ ತುಂಬಿದರೆ ಬಾಗಿನ ಬಿಡುತ್ತೇವೆ. ಮೈಲಾರದ ಜಾತ್ರೆಗೆ ಹೋಗಿ, ಹಂಪಿಗೆ ಹೋಗಿ, ಮಂತ್ರಾಲಯಕ್ಕೆ ಹೋಗಿ ಭಕ್ತಿಯಿಂದ ಮೂರು ಮುಳುಗು ಹಾಕುತ್ತೇವೆ. ಮೂರೂ ಕಡೆ ನಮ್ಮೂರ ಮುಂದೆ ಹರಿದು ಹೋದ ಹೊಳೆಯೇ.

"ಮೇಲಿನ ಊರಿನವರೂ ಬಿಡ್ತಾರೆ, ಫ್ಯಾಕ್ಟರಿಯವರೂ ಬಿಡ್ತಾರೆ, ನಮ್ಮೊಬ್ಬರ ಬಚ್ಚಲಿನಿಂದ ಏನಾಗುತ್ತೆ" ಅಂತ ಕೆಲವರು ಕೇಳುತ್ತಾರೆ. ಫ್ಯಾಕ್ಟರಿ ನೀರಿನ ವಿರುದ್ಧ 1980ರ ದಶಕದಲ್ಲಿ ಇದೇ ಹೊಳೆ ದಂಡೆಯ ಜನ ದೊಡ್ಡ ಹೋರಾಟ ಮಾಡಿದ್ದಾರೆ. ಅದು ಮಾಡಬೇಕಾದದ್ದೇ, ಮುಂದೆಯೂ ಕಣ್ಣಿಟ್ಟಿರಬೇಕಾದದ್ದೇ. ಆದರೆ ಫ್ಯಾಕ್ಟರಿಯ ಗೇಟಿನ ಮುಂದೆ ನಿಂತು ಕೇಳುವ ಹಕ್ಕು ಗಟ್ಟಿಯಾಗಬೇಕಾದರೆ ನಮ್ಮ ಪೈಪು ಮೊದಲು ಸರಿ ಇರಬೇಕು. ಮೇಲೆ ಶಿವಮೊಗ್ಗ, ಭದ್ರಾವತಿ, ಹೊನ್ನಾಳಿಯವರು ಏನು ಮಾಡುತ್ತಾರೋ ಅದು ನಮಗೆ ಬರುತ್ತದೆ. ನಾವು ಮಾಡಿದ್ದು ಸಣ್ಣವ್ವನಿಗೆ ಹೋಗುತ್ತದೆ. ಅವಳ ಕಣ್ಣಿಗೆ ನಾವೇ ಮೇಲಿನ ಊರಿನವರು.

ಈಗ ನಾನು ಮಾಡಿದ ತಪ್ಪುಗಳಿಗೆ ಬರುತ್ತೇನೆ. ಎರಡು ಥರದ್ದು.

ಒಂದು, ಪಾಯಿಖಾನೆ ಮತ್ತು ಬಚ್ಚಲಿನ ಪೈಪನ್ನು ಬೀದಿ ಮೋರಿಗೆ ಬಿಟ್ಟದ್ದು. ಬೀದಿಯಲ್ಲಿ ಯುಜಿಡಿ ಪೈಪು, ಅಂದರೆ ಘಟಕಕ್ಕೆ ಹೋಗುವ ಒಳಚರಂಡಿ ಪೈಪು, ಹೋಗಿರುವ ಕಡೆಯೂ ಎಷ್ಟೋ ಮನೆಗಳು ಹಳೆಯ ಮೋರಿಯನ್ನೇ ನೆಚ್ಚಿಕೊಂಡಿವೆ. ರಸ್ತೆ ಅಗೆಯಬೇಕು, ದುಡ್ಡು ಕಟ್ಟಬೇಕು, ಚೇಂಬರ್ ಮಾಡಬೇಕು, ಆಮೇಲೆ ನೋಡೋಣ ಅಂತ ಬಿಡುತ್ತಾರೆ. ಮೋರಿ ಮಳೆ ನೀರಿಗಾಗಿ ಇರುವುದು. ಅದು ಘಟಕದ ದಾರಿ ಹಿಡಿಯುವುದಿಲ್ಲ, ಹಳ್ಳ ಹಿಡಿದು ನೇರ ಹೊಳೆಗೆ ಹೋಗುತ್ತದೆ. ಊರಿನಲ್ಲಿ ಎಂಥ ದೊಡ್ಡ ಘಟಕ ಕಟ್ಟಿದರೂ ಈ ಮನೆಗಳ ನೀರು ಅದನ್ನು ನೋಡುವುದೇ ಇಲ್ಲ.

ಇನ್ನೊಂದು ತಪ್ಪು ಇದರ ತಿರುವುಮುರುವು. ತಾರಸಿಯ ಮಳೆ ನೀರಿನ ಪೈಪನ್ನು ಯುಜಿಡಿ ಚೇಂಬರಿಗೆ ಸೇರಿಸಿದ್ದು. ಇದನ್ನು ನಾನು ತಪ್ಪು ಅಂತ ಅಂದುಕೊಂಡೇ ಇರಲಿಲ್ಲ. ಹತ್ತಿರದಲ್ಲಿ ಚೇಂಬರ್ ಇರುತ್ತದೆ, ಒಂದು ಬೆಂಡು, ಎರಡು ಅಡಿ ಪೈಪು, ಕೆಲಸ ಮುಗಿಯಿತು. ಅಂಗಳದಲ್ಲಿ ನೀರು ನಿಲ್ಲುವುದಿಲ್ಲ, ಮನೆಯವರಿಗೂ ಖುಷಿ. ಮಳೆ ನೀರು ಶುದ್ಧ ಅಲ್ವಾ, ಹೋದರೆ ಒಳ್ಳೆಯದೇ ಅಲ್ವಾ ಅಂತ ನೀವೂ ಅನ್ನಬಹುದು.

ಆ ಹುಡುಗ ಹೇಳಿದಾಗಲೇ ನನಗೆ ಗೊತ್ತಾದದ್ದು. 30-40 ಸೈಟಿನ ಪೂರ್ತಿ ತಾರಸಿ ಅಂದರೆ 1,200 ಚದರ ಅಡಿ. ಅದರ ಮೇಲೆ ಒಂದು ಜೋರು ಮಳೆ, 50 ಮಿಲಿಮೀಟರ್ ಬಿದ್ದರೆ 5,500 ಲೀಟರ್ ನೀರು. ಐದು ಜನರ ಮನೆಯಿಂದ ದಿನಕ್ಕೆ ಹೋಗುವ ಕೊಳಚೆ 540 ಲೀಟರ್. ಅಂದರೆ ಒಂದು ಸಂಜೆಯ ಮಳೆಗೆ ಒಂದು ತಾರಸಿಯಿಂದ ಹತ್ತು ಮನೆಗಳ ನೀರು. ಬೀದಿಯ ಅರ್ಧ ಮನೆಗಳು ಹೀಗೆ ಮಾಡಿದ್ದರೆ ಏನಾಗುತ್ತದೆ ನೋಡಿ. ಮ್ಯಾನ್‌ಹೋಲ್ ಮುಚ್ಚಳ ಎದ್ದು ಕೊಳಚೆ ರಸ್ತೆಗೆ ಬರುತ್ತದೆ. ತಗ್ಗಿನಲ್ಲಿರುವ ಮನೆಗಳ ಬಚ್ಚಲಿನಲ್ಲಿ ಉಕ್ಕುತ್ತದೆ. ಘಟಕಕ್ಕೆ ಹೋದ ನೀರು ಅಲ್ಲಿ ನಿಂತು ಶುದ್ಧವಾಗಲು ಸಮಯವೇ ಸಿಗುವುದಿಲ್ಲ. ಜಾಡಿಯಲ್ಲಿ ಅರ್ಧ ಗಂಟೆ ಅಲುಗಾಡಿಸದೆ ಇಟ್ಟಾಗ ತಾನೇ ಆ ಹೆಪ್ಪು ತಳಕ್ಕೆ ಕೂತದ್ದು? ನೆರೆಯ ಹಾಗೆ ನೀರು ನುಗ್ಗಿದರೆ ಅದು ಕೂರುವುದಿಲ್ಲ. ತೊಟ್ಟಿಯ ಅಂಚು ದಾಟಿ ನೀರಿನ ಜೊತೆಗೇ ಹೊಳೆಗೆ ಹೋಗುತ್ತದೆ. "ಒಂದು ಮಳೆಗೆ ತೊಳ್ಕೊಂಡು ಹೋದದ್ದನ್ನು ಮತ್ತೆ ಬೆಳೆಸಲು ವಾರಗಟ್ಟಲೆ ಬೇಕು ಅಣ್ಣ" ಅಂದ. ಅಷ್ಟು ದಿನ ಅರೆಬರೆ ಶುದ್ಧವಾದ ನೀರೇ ಹೊರಗೆ ಹೋಗುವುದು.

ಅವನು ಬೇಜಾರಿನಲ್ಲಿ ಹೇಳುತ್ತಿದ್ದ. ನಾನು ತಲೆ ತಗ್ಗಿಸಿ ವಾಲ್ವಿನ ನಟ್ಟು ಬಿಗಿ ಮಾಡುತ್ತಾ ಕೂತಿದ್ದೆ. ನಾನು ಎಷ್ಟು ತಾರಸಿಗಳನ್ನು ಹಾಗೆ ಸೇರಿಸಿದ್ದೇನೆ ಅಂತ ಅವನಿಗೆ ಹೇಳುವ ಧೈರ್ಯ ಬರಲಿಲ್ಲ.

ಇನ್ನು ಚೇಂಬರಿಗೆ ಹಾಕಬಾರದ್ದನ್ನು ಹಾಕುವ ವಿಷಯ. ಇದು ನಿಮಗೆ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. ಪ್ಯಾಡು, ಡೈಪರು, ಬಟ್ಟೆ ಪಾಯಿಖಾನೆಗೆ ಬೇಡ. ಅವು ಜರಡಿಯವರೆಗೂ ಹೋಗುವುದಿಲ್ಲ, ನಡುದಾರಿಯಲ್ಲೇ ಕಟ್ಟಿಕೊಳ್ಳುತ್ತವೆ. ಕಟ್ಟಿಕೊಂಡಾಗ ಯಾರಾದರೂ ಒಬ್ಬ ಬಡವನನ್ನು ಕರೆದು ಮ್ಯಾನ್‌ಹೋಲಿಗೆ ಇಳಿಸುವ ಕೆಟ್ಟ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ. 2013ರ ಕಾಯ್ದೆ ಪ್ರಕಾರ ಅದು ಅಪರಾಧ. ಒಳಗಿನ ವಿಷಗಾಳಿಗೆ ಒಂದೇ ಉಸಿರು ಸಾಕು, ಮನುಷ್ಯ ಮೇಲೆ ಬರುವುದಿಲ್ಲ. ಎಷ್ಟು ದುಡ್ಡು ಕೊಡುತ್ತೇನೆ ಅಂದರೂ ಯಾರನ್ನೂ ಇಳಿಸಬೇಡಿ. ಜೆಟ್ಟಿಂಗ್ ಮಷೀನ್ ಬರುವವರೆಗೆ ಎರಡು ದಿನ ಕಾಯಿರಿ.

ಮಿರ್ಚಿ ಮಂಡಕ್ಕಿ ಅಂಗಡಿಯವರು, ಹೋಟೆಲಿನವರು ನನ್ನ ಮೇಲೆ ಸಿಟ್ಟಾಗಬಾರದು. ನಿಮ್ಮ ಅಂಗಡಿಯ ಮಿರ್ಚಿ ತಿಂದೇ ಬೆಳೆದವನು ನಾನು. ಬಾಣಲೆಯ ಉಳಿದ ಎಣ್ಣೆ ಸಿಂಕಿಗೆ ಸುರಿಯಬೇಡಿ. ಬಿಸಿ ಇದ್ದಾಗ ಹರಿಯುತ್ತದೆ, ಮುಂದೆ ಹೋಗಿ ತಣ್ಣಗಾಗಿ ಪೈಪಿನ ಒಳಗೆ ಸೋಪಿನ ಹಾಗೆ ಗಟ್ಟಿಯಾಗುತ್ತದೆ. ನಾಲ್ಕು ಇಂಚಿನ ಪೈಪು ಒಂದು ಇಂಚಾಗಿದ್ದನ್ನು ಕತ್ತರಿಸಿ ನೋಡಿದ್ದೇನೆ. ಸಿಂಕಿನ ಕೆಳಗೆ ಎಣ್ಣೆ ತಡೆಯುವ ಸಣ್ಣ ತೊಟ್ಟಿ ಇಡಬಹುದು. ಎಣ್ಣೆ ಮೇಲೆ ತೇಲುತ್ತದೆ, ವಾರಕ್ಕೊಮ್ಮೆ ಕೆರೆದು ತೆಗೆದರೆ ಸಾಕು. ಗ್ಯಾರೇಜಿನವರು ಸುಟ್ಟ ಆಯಿಲ್ ಬಿಡಬೇಡಿ. ಮನೆಯವರು ಪಾಯಿಖಾನೆ ತೊಳೆಯುವ ಆಸಿಡ್ಡನ್ನು ಬಾಟಲಿಗಟ್ಟಲೆ ಸುರಿಯಬೇಡಿ. ನಾಲ್ಕು ಹನಿ ಫಿನಾಯಿಲ್‌ನಿಂದ ಏನೂ ಆಗುವುದಿಲ್ಲ. ಊರೆಲ್ಲ ಸೇರಿ ಕ್ಯಾನುಗಟ್ಟಲೆ ಸುರಿದರೆ ಆ ಹೆಪ್ಪಿಗೆ ಅದು ವಿಷ.

ಯುಜಿಡಿ ಇನ್ನೂ ಬಂದಿಲ್ಲದ ಬಡಾವಣೆಗಳವರೇ, ನಿಮ್ಮ ಗುಂಡಿ ತುಂಬಿದಾಗ ಸಕ್ಕಿಂಗ್ ಲಾರಿ ಕರೆಸುತ್ತೀರಿ. ದುಡ್ಡು ಕೊಡುವ ಮೊದಲು ಒಂದು ಮಾತು ಕೇಳಿ. ಇದನ್ನು ಎಲ್ಲಿ ಖಾಲಿ ಮಾಡ್ತೀಯಪ್ಪ? ಹಳ್ಳಕ್ಕೆ ಬಿಟ್ಟರೆ ಗುಂಡಿ ಕಟ್ಟಿಸಿದ್ದೂ ದಂಡ. ಗುಂಡಿಯ ಕೆಸರನ್ನು ಶುದ್ಧ ಮಾಡುವ ಘಟಕವೇ ಬೇರೆ ಇರುತ್ತದೆ. ದೇವನಹಳ್ಳಿಯಲ್ಲಿ 2015ರಲ್ಲೇ ಅಂಥದ್ದು ಶುರುವಾಯಿತು. ಅದೂ ಸಣ್ಣ ಊರೇ.

ನಗರಸಭೆಯವರಲ್ಲಿ, ಪೌರಾಯುಕ್ತರಲ್ಲಿ ಕೆಲವು ಬೇಡಿಕೆ ಇವೆ. ನಾನು ಯಾರ ಮೇಲೂ ದೂರು ಹೇಳುತ್ತಿಲ್ಲ, ಕೈ ಮುಗಿದು ಕೇಳುತ್ತಿದ್ದೇನೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೀರು, ಒಳಚರಂಡಿ ಯೋಜನೆಯಲ್ಲಿ ದಾವಣಗೆರೆ, ಹರಿಹರ, ರಾಣೇಬೆನ್ನೂರು, ಬ್ಯಾಡಗಿ ಈ ನಾಲ್ಕೂ ಊರುಗಳನ್ನು ಒಟ್ಟಿಗೆ ತೆಗೆದುಕೊಂಡದ್ದೇ ತುಂಗಭದ್ರೆಯ ದೃಷ್ಟಿಯಿಂದ. ಸಾಲ ಅಂದಮೇಲೆ ತೀರಿಸುವವರು ಜನರೇ. ಹಾಗಾಗಿ ಜನರಿಗೆ ಫಲಿತಾಂಶ ಕಾಣಬೇಕು. ಘಟಕದಿಂದ ಹೊರಗೆ ಹೋಗುವ ನೀರಿನ ಪರೀಕ್ಷೆಯ ಅಂಕಿಯನ್ನು ತಿಂಗಳಿಗೊಮ್ಮೆ ನಗರಸಭೆಯ ಮುಂದೆ ಬೋರ್ಡಿನಲ್ಲಿ ಬರೆಯಿರಿ. ಮೂರು ಸಾಲು ಸಾಕು. ಬಿಒಡಿ ಎಷ್ಟು, ತೇಲುವ ಕಣ ಎಷ್ಟು, ಮಲದ ರೋಗಾಣು ಎಷ್ಟು. ಪಕ್ಕದಲ್ಲೇ ಇರಬೇಕಾದ ಮಿತಿ ಎಷ್ಟು ಅಂತಲೂ ಬರೆಯಿರಿ. 2017ರ ಕೇಂದ್ರದ ನಿಯಮದಲ್ಲಿ ಮಹಾನಗರಗಳಿಗೆ ಬಿಒಡಿ ಮಿತಿ 20, ನಮ್ಮಂಥ ಊರುಗಳಿಗೆ 30 ಅಂತಿತ್ತು. 2019ರ ಏಪ್ರಿಲ್ 30ರಂದು ಹಸಿರು ನ್ಯಾಯಮಂಡಳಿ ಅಷ್ಟು ಸಡಿಲ ಬೇಡ, 10 ಇರಲಿ ಅಂದಿತು. ಸಣ್ಣ ಊರಿನ ಹೊಲಸಿಗೆ ಬೇರೆ ರಿಯಾಯಿತಿ ಯಾಕೆ ಅನ್ನುವುದು ನನ್ನ ಅಭಿಪ್ರಾಯ ಕೂಡ. ಸ್ನಾನ ಮಾಡುವ ಹೊಳೆ ನೀರಿನಲ್ಲಿ ಇದು 3ಕ್ಕಿಂತ ಜಾಸ್ತಿ ಇರಬಾರದು. ಹತ್ತು ಮೂರಕ್ಕೆ ಇಳಿಯಬೇಕಾದರೆ ಹೊಳೆಯಲ್ಲಿ ಬೆರೆಯಲು ಒಳ್ಳೆಯ ನೀರು ಬೇಕು. ಬೇಸಿಗೆಯಲ್ಲಿ ಅದೂ ಇರುವುದಿಲ್ಲ. ಆ ನಾಲ್ಕು ತಿಂಗಳು ಶುದ್ಧ ಮಾಡಿದ ನೀರನ್ನು ಹೊಳೆಗೆ ಬಿಡುವ ಬದಲು ಗಿಡಗಳಿಗೆ, ರಸ್ತೆ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಕೊಡುವ ದಾರಿ ನೋಡಿ.

ಕರೆಂಟಿನ ವಿಷಯ ಇನ್ನೂ ಮುಖ್ಯ. ಘಟಕದ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿ ಊದಲೇ ಹೋಗುತ್ತದೆ. ಬಿಲ್ ಜಾಸ್ತಿ ಬಂತು ಅಂತ ಬ್ಲೋವರ್ ನಿಲ್ಲಿಸುವುದು ಮೂಗು ಮುಚ್ಚಿದ ಹಾಗೆ. ಕೆಲವು ಗಂಟೆ ಗಾಳಿ ನಿಂತರೆ ಮಣ್ಣಿನ ವಾಸನೆ ಹೋಗಿ ಮೋರಿ ವಾಸನೆ ಶುರುವಾಗುತ್ತದೆ. ಜನರೇಟರ್ ಇರಬೇಕು, ಅದರಲ್ಲಿ ಡೀಸೆಲ್ ಇರಬೇಕು, ರಾತ್ರಿ ಎರಡು ಗಂಟೆಗೂ ಅದನ್ನು ಚಾಲು ಮಾಡುವ ಮನುಷ್ಯ ಇರಬೇಕು. ಬಜೆಟ್ಟಿನಲ್ಲಿ ಆ ಮನುಷ್ಯನ ಸಂಬಳವನ್ನು ದಯವಿಟ್ಟು ಮೊದಲ ಸಾಲಿನಲ್ಲಿ ಬರೆಯಿರಿ. ನಾನು ನೋಡಿದ ಆ ಹುಡುಗನಿಗೆ ಜಾಡಿ ನೋಡಿದರೆ ತೊಟ್ಟಿಗೆ ಏನು ಕಾಯಿಲೆ ಅಂತ ಗೊತ್ತಾಗುತ್ತದೆ. ಅಂಥವನು ಬಿಟ್ಟು ಹೋದರೆ ಹೊಸಬ ಅದನ್ನು ಕಲಿಯಲು ವರ್ಷ ಬೇಕು.

ನಮ್ಮಂಥ ಪ್ಲಂಬರುಗಳನ್ನೂ ಒಂದು ದಿನ ಕರೆದು ಕೂರಿಸಿ. ಘಟಕ ತೋರಿಸಿ. ಯಾರೂ ನಮಗೆ ಅದನ್ನು ತೋರಿಸಿಲ್ಲ. ಹೊಸ ಮನೆಗೆ ಯುಜಿಡಿ ಜೋಡಿಸಿದ ಮೇಲೆ ಮಣ್ಣು ಮುಚ್ಚುವ ಮೊದಲು ಒಬ್ಬರು ಬಂದು ನೋಡಿ ಸಹಿ ಹಾಕುವ ಪದ್ಧತಿ ತನ್ನಿ. ಮಣ್ಣು ಮುಚ್ಚಿದ ಮೇಲೆ ಯಾರ ತಪ್ಪೂ ಕಾಣುವುದಿಲ್ಲ, ನನ್ನದೂ ಸೇರಿ.

ಕೊನೆಗೆ ನಿಮ್ಮ ಮನೆಯ ಮಾತು. ನಿಮ್ಮ ನೀರು ಎಲ್ಲಿಗೆ ಹೋಗುತ್ತದೆ ಅಂತ ತಿಳಿಯಲು ಯಾವ ಎಂಜಿನಿಯರೂ ಬೇಡ. ಬಿಳಿ ಬಟ್ಟೆಗೆ ಹಾಕುವ ನೀಲಿ ಇದೆಯಲ್ಲ, ಅದನ್ನು ಎರಡು ಚಮಚ ಪಾಯಿಖಾನೆಗೆ ಹಾಕಿ ಒಂದು ಬಕೆಟ್ ನೀರು ಸುರಿಯಿರಿ. ಮನೆಯ ಒಬ್ಬರು ಚೇಂಬರ್ ಮುಚ್ಚಳ ತೆಗೆದು ನಿಂತಿರಲಿ, ಇನ್ನೊಬ್ಬರು ಬೀದಿ ಮೋರಿಯ ಹತ್ತಿರ ನಿಲ್ಲಲಿ. ನೀಲಿ ಯುಜಿಡಿ ಚೇಂಬರಿನಲ್ಲಿ ಕಂಡರೆ ಸರಿ. ಮೋರಿಯಲ್ಲಿ ಕಂಡರೆ ಅದು ಹೊಳೆಗೆ ಹೋಗುವ ದಾರಿ. ತಾರಸಿಯ ಪೈಪಿಗೂ ಹೀಗೇ ಒಂದು ಬಕೆಟ್ ಸುರಿದು ನೋಡಿ. ಅಲ್ಲಿ ಉಲ್ಟಾ. ಆ ನೀಲಿ ಮೋರಿಗೋ ಅಂಗಳದ ಇಂಗುಗುಂಡಿಗೋ ಹೋಗಬೇಕು, ಚೇಂಬರಿನಲ್ಲಿ ಕಾಣಲೇಬಾರದು.

ಕೂಲಿ ಲೆಕ್ಕದ ನನ್ನ ಹಳೇ ಪುಸ್ತಕಗಳು ಎಲ್ಲ ಇವೆ. ಹನ್ನೊಂದು ಪುಸ್ತಕ. ಅವನ್ನು ತಿರುವಿ ಹಾಕಿ, ಮೋರಿಗೆ ಬಿಟ್ಟ ಮನೆಗಳನ್ನೂ ತಾರಸಿ ಸೇರಿಸಿದ ಮನೆಗಳನ್ನೂ ಬೇರೆ ಹಾಳೆಯಲ್ಲಿ ಬರೆದುಕೊಂಡಿದ್ದೇನೆ. ಒಟ್ಟು 64 ಮನೆ. ತಾರಸಿ ಪೈಪು ಬೇರೆ ಮಾಡುವುದು ಅರ್ಧ ದಿನದ ಕೆಲಸ. ಪೈಪು, ಬೆಂಡು ನೀವು ತಂದಿಡಿ, ಕೂಲಿ ನನಗೆ ಬೇಡ. ಮೋರಿಗೆ ಬಿಟ್ಟದ್ದನ್ನು ಯುಜಿಡಿಗೆ ತಿರುಗಿಸಲು ನಗರಸಭೆಯ ಅನುಮತಿ ಬೇಕು. ಅರ್ಜಿ ನೀವು ಕೊಡಿ, ಅನುಮತಿ ಬಂದ ದಿನ ನಾನು ಬರುತ್ತೇನೆ. ಅದಕ್ಕೂ ಕೂಲಿ ಬೇಡ.

ಮುಂದಿನ ಭಾನುವಾರದಿಂದ ಶುರು ಮಾಡುತ್ತೇನೆ, ಪ್ರತಿ ಭಾನುವಾರ ಎರಡು ಮನೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತಟ್ಟಿದರೆ ಬೇಜಾರು ಮಾಡಿಕೊಳ್ಳಬೇಡಿ. ಮೊದಲನೆಯದು ನನ್ನದೇ ಮನೆ. ನಮ್ಮ ತಾರಸಿಯ ಪೈಪೂ ಚೇಂಬರಿಗೇ ಹೋಗಿದೆ.

ಇಂತಿ ನಿಮ್ಮವ,
ಹರಿಹರದ ಒಬ್ಬ ಪ್ಲಂಬರ್